ಟವೆಲ್ ಕೆಳಗಿನ ಕೈ

ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಸುತ್ತಿಡುವ ಬಟ್ಟೆ ಒಂದು ಹಳೆಯ ಟವೆಲ್. ಬಿಳಿಯದು, ಅಂಚಿಗೆ ಕೆಂಪು ಪಟ್ಟಿ. ತೊಳೆದು ತೊಳೆದು ಮೆತ್ತಗಾಗಿದೆ. ಬಂದವರು ಯಾರಾದರೂ "ಯಾಕವಾ, ರೊಟ್ಟಿಗಿ ಬ್ಯಾರೆ ಅರಬಿ ಇಲ್ಲೇನು?" ಎಂದು ಕೇಳುವುದುಂಟು. ಬೇರೆ ಬಟ್ಟೆ ಕಪಾಟಿನ ತುಂಬ ಇದೆ. ಆದರೆ ಈ ಟವೆಲ್ಲಿಗೆ ಇದೇ ಕೆಲಸ ಆಗಬೇಕು ಎಂದು ನಾನೇ ಗೊತ್ತು ಮಾಡಿದ್ದೇನೆ. ಇದರ ಒಡೆಯ ಜಹೀರಾಬಾದಿನವನು. ನಾರಾಯಣಖೇಡದಲ್ಲಿ ನನ್ನ ಕೈಯಲ್ಲಿ ಬಿಟ್ಟು ಹೋದವನು ಇವತ್ತಿನವರೆಗೆ ಕೇಳಲು ಬಂದಿಲ್ಲ. ಬರುವುದೂ ಇಲ್ಲ.

ತೊಗರಿ ವ್ಯಾಪಾರ ನೋಡದವರಿಗೆ ಟವೆಲ್ಲಿನ ಸಂಗತಿ ಮೊದಲೇ ಹೇಳಿಬಿಡಬೇಕು. ಸರ್ಕಾರಿ ಮಾರುಕಟ್ಟೆಯಲ್ಲಿ ಈಗ ಕಂಪ್ಯೂಟರಿನ ಮೇಲೆ ಟೆಂಡರ್ ನಡೆಯುತ್ತದೆ. ಆದರೆ ಹಳ್ಳಿಯಿಂದ ನೇರ ಬರುವ ಮಾಲಿಗೆ ನಾನು ಕೆಲಸ ಮಾಡುವ ದಾಲ್ ಮಿಲ್ಲಿನಲ್ಲಿ ಹಳೆಯ ಪದ್ಧತಿಯೇ ಉಳಿದಿತ್ತು. ಕೊಳ್ಳುವವನೂ ಮಾರುವವನೂ ಎದುರುಬದುರು ನಿಲ್ಲುತ್ತಾರೆ. ಇಬ್ಬರ ಬಲಗೈ ಮೇಲೆ ಒಂದು ಟವೆಲ್ ಬೀಳುತ್ತದೆ. ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ. ಇಡೀ ಬೆರಳು ಹಿಡಿದರೆ ನೂರು, ಗೆಣ್ಣು ಒತ್ತಿದರೆ ಹತ್ತು. ಮೇಲೆ ಬಾಯಲ್ಲಿ ಮಳೆಯ ಮಾತು, ಮಗಳ ಮದುವೆಯ ಮಾತು. ಕೆಳಗೆ ಬೆರಳುಗಳ ಜಗ್ಗಾಟ. ಯಾವ ದರಕ್ಕೆ ವ್ಯಾಪಾರ ಹರಿಯಿತು ಎಂಬುದು ಸುತ್ತ ನಿಂತ ಹತ್ತು ಜನರಿಗೆ ಗೊತ್ತಾಗುವುದಿಲ್ಲ. ಹೆಂಗಸು ಬೇಳೆ ಹಸನು ಮಾಡಬಹುದು, ಚೀಲ ಹೊಲಿಯಬಹುದು, ಕಾಳು ನೋಡಿ ಒಳ್ಳೆಯದು ಕೆಟ್ಟದು ಹೇಳಬಹುದು. ಪರಗಂಡಸಿನ ಬೆರಳು ಹಿಡಿಯಲು ಆಗುತ್ತದೆಯೇ? ಹಾಗಾಗಿ ಹೆಂಗಸು ಖರೀದಿದಾರಳಾಗುವಂತಿಲ್ಲ. ಬೇರೆ ಕಾರಣ ಏನೂ ಇರಲಿಲ್ಲ, ಇದ್ದದ್ದು ಇದೊಂದೇ.

ನಾನು ಹುಟ್ಟಿದ್ದು ಗಡಿಯಾಚೆಯ ತೆಲುಗು ಸೀಮೆಯಲ್ಲಿ, ರಾಯಿಕೋಡ್ ಹತ್ತಿರದ ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು. ಇಂಟರ್, ಅಂದರೆ ಹನ್ನೆರಡನೇ ತರಗತಿ, ಪಾಸಾದ ವರ್ಷವೇ ಮದುವೆ ಮಾಡಿ ತಾಂಡೂರಿಗೆ ಕಳಿಸಿದರು. ಗಂಡನಿಗೆ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸ. ಎರಡನೆಯ ಮಗಳು ಅಂಗನವಾಡಿಗೆ ಹೋಗತೊಡಗಿದ ಮೇಲೆ ನಾನು ತಾಂಡೂರಿನ ಈ ಮಿಲ್ಲಿಗೆ ಸೇರಿದೆ. ಮೊದಲು ಬೇಳೆ ಹಸನು ಮಾಡುವ ಹೆಂಗಸರ ಸಾಲಿನಲ್ಲಿ ಕೂತೆ. ಓದುಬರಹ ಬರುತ್ತದೆ ಎಂದು ಗೊತ್ತಾದ ಮೇಲೆ ಸ್ಯಾಂಪಲ್ ಕೋಣೆಗೆ ಹಾಕಿದರು.

ಸ್ಯಾಂಪಲ್ ಕೋಣೆಯ ಕೆಲಸ ಹೇಳಲು ಸಣ್ಣದು. ಬಂದ ಪ್ರತಿ ಲೋಡಿನ ಚೀಲಗಳಿಗೆ ಕಬ್ಬಿಣದ ಕೊಳವೆ ಚುಚ್ಚಿ ಮೇಲಿನದು, ನಡುವಿನದು, ತಳದ್ದು ಅಂತ ಕಾಳು ತೆಗೆಯಬೇಕು. ತಟ್ಟೆಯ ಮೇಲೆ ಹರವಿ ನುಸಿ ಹಿಡಿದದ್ದು, ಮುಕ್ಕಾದದ್ದು, ಹಳೆಯದು ಬೇರೆ ಮಾಡಬೇಕು. ಒಂದನೇ ನಂಬರ, ಎರಡನೇ ನಂಬರ, ಇಲ್ಲವೇ ಬೇಡ ಎಂದು ಚೀಟಿ ಬರೆಯಬೇಕು. ತೇವ ನೋಡಲು ಯಂತ್ರ ಇತ್ತು, ಆದರೆ ಅದಕ್ಕಿಂತ ಮೊದಲೇ ನನ್ನ ಹಲ್ಲಿಗೆ ತಿಳಿಯುತ್ತಿತ್ತು. ಒಣಗಿದ ಕಾಳು ಕಚ್ಚಿದರೆ ಟಕ್ ಅನ್ನುತ್ತದೆ, ಹಸಿ ಕಾಳು ಸುಮ್ಮನೆ ಚಪ್ಪಟೆಯಾಗುತ್ತದೆ. ಹಳೆಯ ಕಾಳಿಗೆ ಎಣ್ಣೆ ಸವರಿ ಹೊಸದರ ಹಾಗೆ ಹೊಳೆಯಿಸಿ ತಂದವರನ್ನು ಕಾಳು ಉಜ್ಜಿದ ನನ್ನ ಅಂಗೈ ಮೂಸಿ ಹಿಡಿಯುತ್ತಿದ್ದೆ. ಹನ್ನೊಂದು ಹಂಗಾಮು ಈ ಕೆಲಸ ಮಾಡಿದೆ. ನನ್ನ ಚೀಟಿ ತಪ್ಪಾಯಿತು ಎಂದು ಒಬ್ಬರೂ ಹೇಳಿದ್ದಿಲ್ಲ.

ಮಿಲ್ಲಿನ ಖರೀದಿದಾರರು ಅರವತ್ತು ದಾಟಿದ ಮನುಷ್ಯ. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಕಾಕಾ ಅನ್ನುತ್ತಿದ್ದೆ. ಹೊರಗೆ ಹೋಗಿ ಟವೆಲ್ ಹಾಕುವ ಮೊದಲು ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಏನ್ ಅಂತದವಾ ಕಾಳು?"

"ಸುಳ್ಳ ಹೇಳಾಕತ್ತದರಿ ಕಾಕಾ. ಮ್ಯಾಲ ಹೊಸದು, ತಳದಾಗ ಹ್ವಾದ ವರ್ಷದ್ದು."

ಅಷ್ಟು ಸಾಕು. ಅವರು ಹೋಗಿ ಬೆರಳು ಹಿಡಿಯುತ್ತಿದ್ದರು. ನೋಡುವುದು ನಾನು, ಹಿಡಿಯುವುದು ಅವರು. ಮಿಲ್ಲಿನ ಹೆಸರು ಇವರ ಕಣ್ಣಿನಿಂದಲೇ ಉಳಿದಿದೆ ಎಂದು ಊರೆಲ್ಲ ಹೊಗಳುವಾಗ ಕಾಕಾ ಸ್ಯಾಂಪಲ್ ಕೋಣೆಯ ಕಡೆ ಕೈ ತೋರಿಸುತ್ತಿದ್ದರು. ಅದನ್ನು ಯಾರೂ ಮಾತಿಗೆ ತೆಗೆದುಕೊಳ್ಳುತ್ತಿರಲಿಲ್ಲ. ದೊಡ್ಡವರ ದೊಡ್ಡತನ ಅಂದುಕೊಂಡು ಸುಮ್ಮನಾಗುತ್ತಿದ್ದರು.

ಒಂದು ಮಧ್ಯಾಹ್ನ ಲಾರಿ ಬರುವುದು ತಡವಾಗಿತ್ತು. ಕಾಕಾ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಕಾಕಾ, ಬೆರಳಿನ ಲೆಕ್ಕ ನನಗೂ ಕಲಿಸ್ರಿ," ಎಂದೆ.

"ಕಲ್ತು ಏನ್ ಮಾಡ್ತಿ?"

"ನೀವು ಕಲ್ತು ಏನ್ ಮಾಡಿದ್ರಿ?"

ಅವರು ನಕ್ಕರು. ಆದರೆ ಮಗಳಂಥವಳ ಕೈ ಹಿಡಿದು ಕಲಿಸುವುದು ಅವರಿಂದಲೂ ಆಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಮಡಿಲಿಗೆ ಹಾಕಿ, "ನಿನ್ನ ಎಡಗೈ ರೈತ ಅಂತ ತಿಳಕೊ, ಬಲಗೈ ಸಾವ್ಕಾರ. ಈಗ ನಾ ಹೇಳಿದಂಗ ಹಿಡಿ," ಎಂದರು. ಹೀಗೆ ನಾನು ನನ್ನ ಜೊತೆ ನಾನೇ ವ್ಯಾಪಾರ ಮಾಡುವುದನ್ನು ಕಲಿತೆ. ಮನೆಯಲ್ಲಿ ಸೆರಗಿನ ಕೆಳಗೆ ಅಭ್ಯಾಸ ನಡೆಯುತ್ತಿತ್ತು. ಗಂಡ ನೋಡಿ, "ಕೈಗಿ ಏನಾಗ್ಯದ?" ಎಂದು ಗಾಬರಿಯಾದ. "ಎಡಗೈ ಭಾಳ ಜಿದ್ದಿ ಮಾಡಾಕತ್ತದರಿ, ಇಳಿಲಾಕ ತಯಾರಿಲ್ಲ," ಎಂದೆ. ಪಾಪ, ಆತ ಎದ್ದು ಹೋಗಿ ನೋವಿನ ಎಣ್ಣೆ ತಂದ.

ಕಾಕಾರ ಕೈ ನಡುಗತೊಡಗಿದ್ದು ಅದಾದ ಎರಡು ವರ್ಷಕ್ಕೆ. ಟವೆಲ್ ಕೆಳಗೆ ಕೈ ನಡುಗಿದರೆ ಎದುರಿನವನಿಗೆ ಲೆಕ್ಕ ಹತ್ತುವುದಿಲ್ಲ. ನೂರು ಅಂದರೋ ಹತ್ತು ಅಂದರೋ ಎಂದು ತಕರಾರು ಶುರುವಾಯಿತು. ಅವರೇ ಸಾವ್ಕಾರರ ಹತ್ತಿರ ಹೋಗಿ, ಇನ್ನು ನನ್ನಿಂದಾಗದು, ನನ್ನ ಜಾಗಕ್ಕೆ ಆ ಹೆಣ್ಣುಮಗಳನ್ನು ಇಡಿ ಎಂದು ನನ್ನ ಹೆಸರು ಹೇಳಿದರು. ಸಾವ್ಕಾರರು ಅಂದರೆ ಮಿಲ್ಲಿನ ಮಾಲೀಕರು. ನನ್ನನ್ನು ಕರೆಸಿದರು.

"ತಂಗಿ, ನಿನ್ನ ಕಣ್ಣಿನ ಬಗ್ಗೆ ಎರಡ ಮಾತಿಲ್ಲ. ಆದ್ರ ಟವೆಲ್ ಕೆಳಗ ಕೈ ಇಡೋದು ಹೆಣ್ಣಮಗಳ ಕೆಲಸ ಅಲ್ಲ. ನಾಳಿ ನಿನ್ನ ಮನಿಯವರು ಬಂದು ಕೇಳಿದ್ರ ನಾ ಏನ್ ಹೇಳ್ಲಿ?"

"ನನ್ನ ಮನಿಯವರಿಗಿ ನಾ ಹೇಳ್ತೀನ್ರಿ."

"ಬ್ಯಾಡ ಬ್ಯಾಡ. ನಿನ್ನ ಮರ್ಯಾದಿ ಅಂದ್ರ ನನ್ನ ಮರ್ಯಾದಿ."

ಸಾವ್ಕಾರರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಎದುರು ಬಿದ್ದು ಜಗಳ ಮಾಡಬಹುದಿತ್ತು. ನನ್ನ ಮಕ್ಕಳ ಪುಸ್ತಕಕ್ಕೆ ಕೊಟ್ಟವರು, ಅತ್ತೆಯ ಆಪರೇಷನ್ನಿಗೆ ಗಾಡಿ ಕಳಿಸಿದವರು. ಅಂಥವರು ಯಾರೂ ಕೇಳದೆ ನನ್ನ ಮರ್ಯಾದೆಯನ್ನು ಎತ್ತಿ ತಮ್ಮ ಕಿಸೆಯಲ್ಲಿ ಇಟ್ಟುಕೊಂಡಾಗ ಏನು ಹೇಳುವುದು? ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ತೊಳೆದುಕೊಂಡೆ.

ಖರೀದಿದಾರನ ಜಾಗಕ್ಕೆ ಸಾವ್ಕಾರರ ತಂಗಿಯ ಮಗ ಬಂದ. ಮಿಲ್ಲಿನಲ್ಲೆಲ್ಲ ಆತನಿಗೆ ಅಳಿಯ ಅಂತಲೇ ಹೆಸರು ಬಿತ್ತು. ಮೂವತ್ತರ ಹತ್ತಿರದ ವಯಸ್ಸು, ನಾಲ್ಕು ಬೆರಳಿಗೆ ನಾಲ್ಕು ಉಂಗುರ. ಬೆರಳಿನ ಲೆಕ್ಕ ಅವನಿಗೆ ಹೇಗೆ ಬಂತೋ, ಕಾಳಿನ ಲೆಕ್ಕ ಮಾತ್ರ ಬಂದಿರಲಿಲ್ಲ. ಅದನ್ನು ಕಲಿಸುವವರು ಯಾರು? ನಾನೇ. "ತಂಗಿ, ಸ್ವಲ್ಪ ತೋರಿಸಿಕೊಡು, ಬುದ್ಧಿವಂತ ಇದ್ದಾನ," ಎಂದರು ಸಾವ್ಕಾರರು. ಖರೀದಿದಾರನ ಮೆತ್ತೆಯ ಖುರ್ಚಿ ಅವನಿಗೆ, ಬೈಕು ಅವನಿಗೆ. ನನಗೆ ಅದೇ ಹಳೆಯ ಸ್ಟೂಲು, ಒಂದು ಕಾಲು ಗಿಡ್ಡ. ದಿನಕ್ಕೆ ಇಪ್ಪತ್ತು ಸಲ ಕೋಣೆಗೆ ತಲೆ ಹಾಕಿ, "ಅಕ್ಕಾ, ಇದು ಒಂದನೇ ನಂಬರೋ ಎರಡನೇದೋ?" ಎಂದು ಕೇಳುತ್ತಿದ್ದ. ಹೇಳುತ್ತಿದ್ದೆ. ಹೇಳದೆ ಇರಬಹುದಿತ್ತು. ಆದರೆ ಕಾಳು ನೋಡಿ ಸುಳ್ಳು ಹೇಳುವುದು ನನಗೆ ಬರುವುದಿಲ್ಲ, ಸಿಟ್ಟು ಬಂದಾಗಲೂ ಬರುವುದಿಲ್ಲ.

ಎಳ್ಳಮಾವಾಸ್ಯೆಯ ಹಬ್ಬ ಮುಗಿದು ತೊಗರಿ ಜೋರಾಗಿ ಬರತೊಡಗಿದಾಗ ಜಹೀರಾಬಾದಿನ ಒಬ್ಬ ದಲಾಲನ ಲಾರಿ ಬಂತು. ಹಳ್ಳಿಗಳಲ್ಲಿ ಮಾಲು ಕೂಡಿಸಿ ಮಿಲ್ಲುಗಳಿಗೆ ಮಾರುವವನು ಆತ. ಮಾತು ಬೆಣ್ಣೆ. ಕಾಳು ತೆಗೆದು ನೋಡಿದೆ. ಹಳೆಯ ಮಾಲು, ಎಣ್ಣೆ ಸವರಿದ್ದು, ತಳದ ಚೀಲಗಳಲ್ಲಿ ನುಸಿ ಹರಿದಾಡುತ್ತಿತ್ತು. ಬೇಡ ಎಂದು ಚೀಟಿ ಬರೆದು ಅಳಿಯನ ಕೈಗೆ ಕೊಟ್ಟೆ. ದಲಾಲ ಅಳಿಯನನ್ನು ಚಹಾಕ್ಕೆ ಕರೆದುಕೊಂಡು ಹೋದ. ಬಂದ ಮೇಲೆ ಟವೆಲ್ ಹಾಕಿದರು. ಕೆಳಗೆ ಏನಾಯಿತೋ ಆ ಇಬ್ಬರಿಗೇ ಗೊತ್ತು. ಸಂಜೆ ನೋಡಿದರೆ ಆ ಮಾಲು ಒಂದನೇ ನಂಬರಿನ ಗುಂಪಿನಲ್ಲಿ ಇಳಿದಿತ್ತು.

ವಾರದ ಮೇಲೆ ಅದನ್ನು ಯಂತ್ರಕ್ಕೆ ಹಾಕಿದಾಗ ಬೇಳೆ ಬೇಳೆಯಾಗಿ ಬರಲಿಲ್ಲ, ನುಚ್ಚು ಬಂತು. ಸಾವ್ಕಾರರು ಎಲ್ಲರೆದುರು ನನ್ನನ್ನು ನಿಲ್ಲಿಸಿ ಕೇಳಿದರು. ನಾನು ಬೇಡ ಎಂದು ಬರೆದಿದ್ದೆ ಎಂದೆ. ಅಳಿಯ ನೆಲ ನೋಡುತ್ತ, "ಅಕ್ಕಾನೇ ಛಲೋ ಅದ ಅಂದಿದ್ಲು," ಎಂದ. ಚೀಟಿ ಎಲ್ಲಿ? ಸಿಗಲಿಲ್ಲ. ಟವೆಲ್ ಕೆಳಗೆ ನಡೆದದ್ದಕ್ಕೆ ಸಾಕ್ಷಿ ಯಾರು? ಯಾರೂ ಇಲ್ಲ.

"ಹೋಗ್ಲಿ ಬಿಡು ತಂಗಿ," ಎಂದರು ಸಾವ್ಕಾರರು. "ಹನ್ನೊಂದು ವರ್ಷದಾಗ ಒಂದ ಸಲ ಆಗ್ಯದ. ನಾ ಮಾಫ್ ಮಾಡೀನಿ."

ನಾನು ಮಾಡದ ತಪ್ಪಿಗೆ ನನಗೆ ಮಾಫಿ ಸಿಕ್ಕಿತು. ಬೈದಿದ್ದರೆ ಅಷ್ಟು ಸಂಕಟ ಆಗುತ್ತಿರಲಿಲ್ಲ. "ನನಗ ಮಾಫಿ ಬ್ಯಾಡ್ರಿ. ರೇಟು ಬಾಯಿಲೆ ಹೇಳಿಸ್ರಿ, ಹತ್ತ ಮಂದಿ ಕೇಳ್ತಾರ," ಎಂದೆ. ಅವರಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿ ಬೇಡವಾಯಿತೋ, ಎದ್ದು ಒಳಗೆ ಹೋದರು. ಬೇಳೆ ಹಸನು ಮಾಡುವ ಹೆಂಗಸರು ಕಣ್ಣು ತಗ್ಗಿಸಿ ಕೂತಿದ್ದರು. ಇನ್ನೊಂದು ಸಲ ಇಂಥದ್ದಾದರೆ ನನ್ನ ಕೆಲಸ ಹೋಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುವಾರ ಅಳಿಯನನ್ನೂ ನನ್ನನ್ನೂ ನಾರಾಯಣಖೇಡಕ್ಕೆ ಕಳಿಸಿದರು. ಅಲ್ಲಿ ಮಿಲ್ಲಿನ ಖರೀದಿ ಶೆಡ್ಡು ಇದೆ, ಹಂಗಾಮಿನಲ್ಲಿ ಮಾತ್ರ ತೆರೆಯುತ್ತದೆ. ನಾನು ತವರಿನಲ್ಲಿ ಉಳಿದು ಬೆಳಗಿನ ಬಸ್ಸಿಗೆ ಹೋಗಿ ಬರುತ್ತಿದ್ದೆ. ಐದನೆಯ ದಿನ ಹೋಗಿ ನೋಡಿದರೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ, ಅಳಿಯ ಇಲ್ಲ. ಫೋನ್ ಬಂದ್. ಬೀದರಿನಲ್ಲಿ ಗೆಳೆಯನ ಮದುವೆಗೆ ಹೋಗ್ಯಾನ ಎಂದು ಹಮಾಲರು ಹೇಳಿದರು. ಸಾವ್ಕಾರರಿಗೆ ಫೋನ್ ಮಾಡಿದೆ. ಅವರು ಆ ದಿನದ ದರದ ಮಿತಿ ಹೇಳಿದರು: ಒಂದನೇ ನಂಬರಿಗೆ ಇಷ್ಟರ ತನಕ, ಎರಡನೇದಕ್ಕೆ ಇಷ್ಟರ ತನಕ. "ನೀ ಕಾಳು ನೋಡಿ ಇಡು. ಟವೆಲ್ ಹಾಕಾಕ ಯಾರನ್ನರ ಕಳಸ್ತೀನಿ. ಅಲ್ಲೀತನ ಮಂದಿಗಿ ಕೂಡಸು," ಎಂದರು.

ಕೂಡಿಸಿದೆ. ಹನ್ನೆರಡಾಯಿತು, ಒಂದಾಯಿತು. ಬಿಸಿಲು ತಲೆಗೆ ಬಂತು. ಜನ ಗೊಣಗತೊಡಗಿದರು. ಆಗ ಮುಂದಿನ ಟ್ರ್ಯಾಲಿಯಿಂದ ಒಬ್ಬ ಮುದುಕಿ ಇಳಿದು ಬಂದಳು. ಸ್ವಂತ ಹೊಲ, ಸ್ವಂತ ತೊಗರಿ, ಗಂಡ ಇಲ್ಲ. ಅವಳ ಕಾಳು ಆಗಲೇ ನೋಡಿಟ್ಟಿದ್ದೆ. ಆ ದಿನದ ಸಾಲಿನಲ್ಲೆಲ್ಲ ಚೆಂದದ ಕಾಳು ಅದೇ.

"ಯವ್ವಾ, ಕಾಳು ನೀನೇ ನೋಡ್ತಿ. ರೇಟು ನೀನೇ ಹೇಳಾಕ ಏನಾಗ್ಯದ?"

"ಟವೆಲ್ ಹಾಕಾಂವ ಬರಬೇಕ್ರಿ ಅವ್ವಾ."

"ನಾನೂ ಟವೆಲ್ ಹಾಕಾಕಿ ಅಲ್ಲ. ಮೂವತ್ತ ವರ್ಷ ಆತು ಬೆಳೀಲಾಕತ್ತು. ನನ್ನ ಕಾಳಿಗಿ ಏನ್ ರೇಟು ಹರೀತು ಅಂತ ಮೊದಲ ಮೈದುನಗ ಗೊತ್ತಾಗ್ತದ, ಆಮ್ಯಾಲ ಮಗಗ. ಎಲ್ಲಾರದೂ ಆದ ಮ್ಯಾಲ ನನಗ. ಒಂದ ಸಲ ನನಗ ಕೇಳಸಂಗ ಹೇಳವಾ, ಸಾಯೋದ್ರೊಳಗ ಕೇಳ್ತೀನಿ."

ಇಷ್ಟು ವರ್ಷ ಈ ಟವೆಲ್ ನನ್ನೊಬ್ಬಳಿಗೇ ಅಡ್ಡ ಅಂದುಕೊಂಡಿದ್ದೆ. ತೂಕದ ಕಟ್ಟೆಯ ಮೇಲೆ ಹತ್ತಿ ನಿಂತೆ. "ಒಂದನೇ ನಂಬರ. ನುಸಿ ಇಲ್ಲ, ತೇವ ಇಲ್ಲ, ಹೊಸ ಮಾಲು," ಎಂದು ಕೂಗಿ, ಸಾವ್ಕಾರರು ಹೇಳಿದ ಮಿತಿಯೊಳಗೇ ದರ ಕೂಗಿದೆ. ಮುದುಕಿ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಮಗನ ಕಡೆ ತಿರುಗಿ, "ಹ್ವಾದ ವರ್ಷ ನನಗ ಎಷ್ಟ ಹೇಳಿದ್ದಿ?" ಎಂದಳು. ಮಗ ಟ್ರ್ಯಾಕ್ಟರಿನ ಟೈರು ನೋಡತೊಡಗಿದ.

ಇನ್ನೊಬ್ಬ ತನ್ನ ಚೀಲ ತೋರಿಸಿದ, ಮತ್ತೊಬ್ಬನೂ ಮುಂದೆ ಬಂದ. ನಾಲ್ಕನೆಯ ಟ್ರ್ಯಾಕ್ಟರಿಗೆ ಬರುವಷ್ಟರಲ್ಲಿ ಹಿಂದಿನಿಂದ ನಗು ಕೇಳಿಸಿತು. ತಿರುಗಿ ನೋಡಿದರೆ ಅದೇ ಜಹೀರಾಬಾದಿನ ದಲಾಲ, ಹೆಗಲ ಮೇಲೆ ಕೆಂಪು ಅಂಚಿನ ಬಿಳಿ ಟವೆಲ್. ಅಳಿಯನನ್ನು ಹುಡುಕಿಕೊಂಡು ಇನ್ನೊಂದು ಲೋಡು ತಂದಿದ್ದ.

"ಏನವಾ, ಹಿಂಗ ಒದರಿದ್ರ ಬಜಾರ ನಡೀತದೇನು?" ಎಂದ. "ಖರೀದಿ ಮಾಡೋ ತಾಕತ್ ಇದ್ರ ಬಾ, ಕೈ ಹಿಡಿ. ಇಲ್ಲಾಂದ್ರ ಮನಿಗಿ ಹೋಗಿ ಬ್ಯಾಳಿ ಕುದಸು."

ಬಲಗೈ ಮುಂದೆ ಚಾಚಿ ಮೇಲೆ ಟವೆಲ್ ಹಾಸಿ ನಿಂತ. ಜನ ನಕ್ಕರು. ಎಲ್ಲರೂ ಅಲ್ಲ, ಆದರೆ ನಗುವವರು ಸಾಕಷ್ಟು ಮಂದಿ ಇದ್ದರು. ಸುಳ್ಳು ಯಾಕೆ ಹೇಳಲಿ, ಹೆದರಿದ್ದೆ. ಹಿಂದೆ ಸರಿದರೆ ಸಾವ್ಕಾರರ ಮಾತು ನಿಜವಾಗುತ್ತದೆ, ಇದು ಹೆಣ್ಣಮಗಳ ಕೆಲಸ ಅಲ್ಲ. ಕೈ ಕೊಟ್ಟರೆ ಸಂಜೆಯೊಳಗೆ ಸುದ್ದಿ ರಾಯಿಕೋಡ್ ದಾಟಿ ತಾಂಡೂರಿಗೆ ಹೋಗುತ್ತದೆ. ಎರಡು ಕಡೆಯಿಂದಲೂ ನನ್ನದೇ ಮಾನ ಹರಾಜು. ಹಾಗಾದರೆ ಹರಾಜನ್ನು ನಾನೇ ನಡೆಸುತ್ತೇನೆ ಎಂದುಕೊಂಡು ಕಟ್ಟೆಯಿಂದ ಇಳಿದು ಟವೆಲ್ ಕೆಳಗೆ ಕೈ ಇಟ್ಟೆ.

ಮೊದಲು ಅವನು ದೊಡ್ಡ ಲೆಕ್ಕ ಹಿಡಿದ. ನಾನು ಗೆಣ್ಣು ಒತ್ತಿ ಇಳಿಸಿದೆ. ಅವನ ಹುಬ್ಬು ಮೇಲೇರಿತು. ನನಗೆ ಈ ಲೆಕ್ಕ ಬರುತ್ತದೆಂದು ಅಂದುಕೊಂಡಿರಲಿಲ್ಲ. ಮತ್ತೊಂದು ಬೆರಳು ಹಿಡಿದ. ನಾನು ಮತ್ತೆ ಇಳಿಸಿದೆ. ನನ್ನ ಎಡಗೈಗಿಂತ ದಡ್ಡ ಇವನು ಎಂದು ಮನಸ್ಸಿನಲ್ಲೇ ನಗು ಬಂತು. ಆಮೇಲೆ ಅವನು ಬೆರಳು ಹಿಡಿಯುವುದನ್ನು ಬಿಟ್ಟ. ನನ್ನ ಅಂಗೈಯ ನಡುವೆ ಒಂದು ಬೆರಳಿನಿಂದ ಮೆಲ್ಲಗೆ ಕೆರೆದ. ಒಂದು ಸಲ, ಇನ್ನೊಂದು ಸಲ. ಮೇಲೆ ಮುಖದಲ್ಲಿ ನಗು ಇಟ್ಟುಕೊಂಡು, "ಮಕ್ಕಳೆಷ್ಟು ನಿನಗ?" ಎಂದು ಕೇಳುತ್ತಿದ್ದ.

ಹೆಂಗಸು ಕೈ ಕಿತ್ತುಕೊಂಡು ಓಡುತ್ತಾಳೆ, ಆಮೇಲೆ ಈ ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ ಎಂಬುದು ಅವನ ಲೆಕ್ಕ. ನಾನು ಕೈ ಕಿತ್ತುಕೊಳ್ಳಲಿಲ್ಲ. ಅವನ ಆ ಬೆರಳನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದೆ, ಎಡಗೈಯಲ್ಲಿ ಟವೆಲ್ ಎಳೆದುಬಿಟ್ಟೆ. ಬಿಸಿಲಿನಲ್ಲಿ, ಅಷ್ಟು ಜನರ ಎದುರು, ಅವನ ಬೆರಳು ನನ್ನ ಅಂಗೈಯ ನಡುವೆ ನಿಂತಿತ್ತು.

"ಈ ಲೆಕ್ಕ ನನಗ ಯಾರೂ ಕಲಿಸಿಲ್ಲರಿ," ಎಂದೆ. "ನನ್ನ ಅಂಗೈ ಕೆರದ್ರಿ. ಇದು ಎಷ್ಟ ರೂಪಾಯಿ ಆತು? ಎಲ್ಲಾರಿಗೂ ಕೇಳಸಂಗ ಹೇಳ್ರಿ."

ಅವನು ಎಳೆದುಕೊಳ್ಳಲು ನೋಡಿದ. ದಿನಕ್ಕೆ ನೂರು ಚೀಲ ಚುಚ್ಚುವ ಕೈ ನನ್ನದು, ಬಿಡಲಿಲ್ಲ. ಮುದುಕಿ ಹತ್ತಿರ ಬಂದು ಬಗ್ಗಿ ಅವನ ಬೆರಳು ನೋಡಿದಳು.

"ಹೇಳೋ ಯಪ್ಪಾ," ಎಂದಳು, "ಎಷ್ಟ ಆತು?"

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮೊದಲು ನನ್ನನ್ನು ನೋಡಿ ನಕ್ಕವರೇ ಈಗ ಅವನನ್ನು ನೋಡಿ ನಗುತ್ತಿದ್ದರು. ಅವರ ಮೇಲೆ ನನಗೇನೂ ಗೌರವ ಹುಟ್ಟಲಿಲ್ಲ. ಬೆರಳು ಬಿಟ್ಟೆ. ಅವನ ಮುಖ ಕೆಂಪಗಾಗಿತ್ತು. ಏನೋ ಬೈಯುತ್ತ ಲಾರಿ ಹತ್ತಿದ, ಲೋಡನ್ನೂ ತಿರುಗಿಸಿಕೊಂಡು ಹೋದ. ಟವೆಲ್ ನನ್ನ ಎಡಗೈಯಲ್ಲೇ ಉಳಿಯಿತು. ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕಟ್ಟೆ ಹತ್ತಿದೆ. ಸಾವ್ಕಾರರು ಕಳಿಸಿದ ಮನುಷ್ಯ ಮೂರು ಗಂಟೆಗೆ ಬಂದಾಗ ಅರ್ಧ ಸಾಲು ಖಾಲಿಯಾಗಿತ್ತು. ಉಳಿದರ್ಧ ಜನ ಅವನ ಟವೆಲ್ಲಿಗೆ ಬರಲು ಒಪ್ಪಲಿಲ್ಲ.

ಆ ಸಂಜೆ ಗಂಡನ ಫೋನು. ಸುದ್ದಿ ನನಗಿಂತ ಮೊದಲೇ ತಾಂಡೂರು ಮುಟ್ಟಿತ್ತು.

"ಕಾರ್ಖಾನಿಯಾಗ ಎಲ್ಲಾರೂ ಕೇಳಾಕತ್ತಾರ. ನಾ ಏನ್ ಹೇಳ್ಲಿ?"

"ನನ್ನ ಹೆಂಡ್ತಿ ತೊಗರಿ ಕೊಂಡಳು ಅಂತ ಹೇಳ್ರಿ."

"ಕೈಗಿ ನೋವಾಗ್ಯದೇನು?" ಎಂದು ಕೇಳಿದ. ನನಗೆ ಆಗ ಅಳು ಬಂತು. ಅಲ್ಲಿಯತನಕ ಬಂದಿರಲಿಲ್ಲ.

ಮರುದಿನ ಸಾವ್ಕಾರರೇ ನಾರಾಯಣಖೇಡಕ್ಕೆ ಬಂದರು. ತಮಾಷಾ ಮಾಡಿದಿ, ಮಿಲ್ಲಿನ ಮಾನ ಬೀದಿಗೆ ತಂದಿ ಎಂದು ಅರ್ಧ ಗಂಟೆ ಕೂಗಾಡಿದರು. ಆಮೇಲೆ ನಾನು ಕೊಂಡ ಚೀಲಗಳಿಗೆ ತಾವೇ ಕೊಳವೆ ಚುಚ್ಚಿ ನೋಡಿದರು. ಒಂದೊಂದಾಗಿ ಎಲ್ಲ ನೋಡಿದರು. ತಪ್ಪು ಸಿಗಲಿಲ್ಲ. ದನಿ ತಗ್ಗಿತು.

"ಕಾಳು ಛಲೋ ಕೊಂಡೀದಿ. ಹಿಂಗ ಮಾಡೋಣು. ಅಳಿಯ ಮುಂದ ನಿಂದರ್ಲಿ. ನೀ ಹಿಂದಿನಿಂದ ಅವಗ ಹೇಳು, ಅಂವ ಬಾಯಿಲೆ ಒದರ್ತಾನ."

ಅಂದರೆ ಟವೆಲ್ ಹೋಯಿತು, ಅದರ ಜಾಗಕ್ಕೆ ಅಳಿಯನನ್ನೇ ಹೊದಿಸುತ್ತಾರೆ. ಸೊಂಟದಲ್ಲಿದ್ದ ಸ್ಯಾಂಪಲ್ ಕೋಣೆಯ ಕೀಲಿಕೈ ತೆಗೆದು ಅವರ ಮುಂದೆ ಇಟ್ಟೆ. "ಖರೀದಿದಾರಳು ಅಂತ ಕಾಗದ ಕೊಟ್ರ ಬರ್ತೀನ್ರಿ. ಕೂಡಾಕ ಖುರ್ಚಿ ಬೇಕು. ರೇಟು ನಾನೇ ಒದರಬೇಕು. ಇಲ್ಲಾಂದ್ರ ಇನ್ನ ಮ್ಯಾಲ ಕಾಳು ಅಳಿಯನೇ ನೋಡ್ಲಿ," ಎಂದೆ. ಬಸ್ಸು ಹತ್ತಿ ತವರಿಗೆ ಹೋದೆ.

ಅವ್ವ ಬಾಗಿಲಲ್ಲೇ ಕೇಳಿದಳು. "ಕೆಲಸ ಬಿಟ್ಟ ಬಂದಿಯೇನು?"

"ಬಿಟ್ಟಿಲ್ಲವಾ, ಕೇಳಿ ಬಂದೀನಿ."

ಮೂರು ದಿನ ಅವ್ವನ ಮನೆಯ ಜೋಳ ಹಸನು ಮಾಡಿದೆ, ಮಾಳಿಗೆ ಗುಡಿಸಿದೆ, ಫೋನಿನ ಕಡೆ ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಬ್ಬರು ಮಕ್ಕಳ ಶಾಲೆ ಕಣ್ಣ ಮುಂದೆ ಬರುತ್ತಿತ್ತು. ಕೀಲಿಕೈ ವಾಪಸ್ ಕೊಡಿ ಎಂದು ಹೋಗಿ ನಿಲ್ಲಲೇ ಎಂದು ಎರಡನೆಯ ದಿನ ಅನ್ನಿಸಿತ್ತು. ಹೋಗಲಿಲ್ಲ. ಆ ಮೂರು ದಿನದಲ್ಲಿ ಅಳಿಯ ಎರಡು ಲೋಡು ಹಸಿ ತೊಗರಿ ಕೊಂಡ ಎಂದು ಆಮೇಲೆ ತಿಳಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಸಾವ್ಕಾರರು ಫೋನ್ ಮಾಡಿದರು. "ಕಾಗದ ಬರಸೀನಿ, ಬಾ," ಎಂದರು. ಅಷ್ಟೇ. ನನಗೂ ಅಷ್ಟೇ ಬೇಕಾಗಿತ್ತು.

ಖುರ್ಚಿಯ ಮೆತ್ತೆಯನ್ನು ಅಳಿಯ ಕಿತ್ತುಕೊಂಡು ಹೋಗಿದ್ದ. ಬರೀ ಕಟ್ಟಿಗೆಯ ಮೇಲೆ ಕೂತೆ. ಎಷ್ಟು ಸುಖವಾಗಿತ್ತು ಅಂತೀರಿ.

ಇದಾಗಿ ಮೂರು ಹಂಗಾಮು ಕಳೆದಿವೆ. ತಾಂಡೂರಿನಲ್ಲಾಗಲಿ ನಾರಾಯಣಖೇಡದಲ್ಲಾಗಲಿ ನಮ್ಮ ಮಿಲ್ಲಿನ ಖರೀದಿ ಬಾಯಲ್ಲೇ ನಡೆಯುತ್ತದೆ. ಹೆಂಗಸರು ತಮ್ಮ ಚೀಲದ ಜೊತೆ ತಾವೇ ಬರುತ್ತಾರೆ, ಮುಂದಿನ ಸಾಲಿನಲ್ಲೇ ನಿಲ್ಲುತ್ತಾರೆ. ಬೆನ್ನ ಹಿಂದೆ ನನಗೆ ಒಂದು ಅಡ್ಡಹೆಸರು ಇಟ್ಟಿದ್ದಾರಂತೆ. ಇಟ್ಟುಕೊಳ್ಳಲಿ.

ಹೋದ ಹಂಗಾಮಿನಲ್ಲಿ ಕಾಕಾ ಬಂದರು. ತಮ್ಮ ಹೊಲದ ಏಳು ಚೀಲ ತೊಗರಿ ಆಟೋದಲ್ಲಿ ಹಾಕಿಕೊಂಡು, ಹೆಗಲ ಮೇಲೆ ಆ ಹಳೆಯ ಟವೆಲ್ ಹಾಕಿಕೊಂಡು. ಎರಡೂ ಕೈ ನಡುಗುತ್ತಿದ್ದವು. ಓಡಿ ಹೋಗಿ ನನ್ನ ಖುರ್ಚಿ ತಂದು ಕೂಡಿಸಿದೆ, ಕಾಲಿಗೆ ಬಿದ್ದೆ. ಆಮೇಲೆ ಕಾಳು ತೆಗೆದು ಹಲ್ಲಿಗೆ ಹಾಕಿದೆ. ಟಕ್ ಅನ್ನಲಿಲ್ಲ. ತಳದ ಚೀಲದಲ್ಲಿ ನುಸಿಯೂ ಇತ್ತು. ಎರಡನೇ ನಂಬರ. ಅದೂ ಕಷ್ಟಪಟ್ಟು.

ಸುತ್ತ ಇಪ್ಪತ್ತು ಮಂದಿ ನಿಂತಿದ್ದರು. ನಲವತ್ತು ವರ್ಷ ಊರೂರಿನ ಕಾಳಿಗೆ ದರ ಕಟ್ಟಿದ ಮನುಷ್ಯನ ಕಾಳು ಇದು. ನಾನು ಕಟ್ಟೆ ಹತ್ತಲಿಲ್ಲ. ಅವರ ಹತ್ತಿರ ಹೋಗಿ ಬಗ್ಗಿ ಕಿವಿಯಲ್ಲಿ ಹೇಳಿದೆ.

ಕಾಕಾ ನನ್ನ ಮುಖ ನೋಡಿದರು. "ಯಾಕ ಪಿಸಿಪಿಸಿ ಮಾಡ್ತಿ?"

"ನಿಮ್ಮದು ಅಂತರಿ ಕಾಕಾ."

"ನನ್ನದು ಅಂತ ಟವೆಲ್ ಹಾಕ್ತಿಯೇನು?" ನಡುಗುವ ಕೈಯಿಂದ ಕಟ್ಟೆ ತೋರಿಸಿದರು. "ಹತ್ತು. ಮಂದಿಗಿ ಹ್ಯಾಂಗ ಒದರತಿ, ನನಗೂ ಹಂಗ ಒದರು. ಇವತ್ತ ನನ್ನ ಸಲುವಾಗಿ ಬಾಯಿ ಮುಚ್ಚಿದ್ರ, ನಾಳಿ ನಿನ್ನ ಬಾಯಿ ಯಾರ ನಂಬತಾರ?"

ಹತ್ತಿದೆ. ಕೂಗಿದೆ. "ಎರಡನೇ ನಂಬರ. ತೇವ ಅದ. ತಳದ ಚೀಲದಾಗ ನುಸಿ ಅದ." ದರವನ್ನೂ ಕೂಗಿದೆ. ಎಲ್ಲರೂ ಕಾಕಾರ ಕಡೆ ನೋಡಿದರು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು ಎದ್ದು ನಿಂತರು. ಜೀವಮಾನದಲ್ಲಿ ಮೊದಲನೆಯ ಸಲ ಎಲ್ಲರಿಗೂ ಕೇಳುವ ಹಾಗೆ ದರ ಕೇಳಿದರು.

"ಹತ್ತ ರೂಪಾಯಿ ಏರಸವಾ."

"ಇಲ್ಲರಿ ಕಾಕಾ."

"ಐದು?"

ನಾನು ಏರಿಸಲಿಲ್ಲ.